ವಿಧವೆ ಕಾಪಿಂಗರ್ ಮಾಡಿದ ಚಮಚ

ಹ್ಯಾನಾ ಬೀಚಿನರ್ ಬಂದು ಬಾಗಿಲು ತಟ್ಟಿದಾಗ ಡೆಕ್ಲನ್ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಏನಾದರೊಂದು ನೆಪ ಹೇಳಿ ಮುದುಕಿಯನ್ನು ಹೊಸಿಲಿನಿಂದಲೇ ಸಾಗಹಾಕುತ್ತಿದ್ದ. ಅವನ ಹೆಂಡತಿ ಗೊಬ್ನೆಟ್ ಇನ್ನೊಂದಷ್ಟು ವರ್ಷ ಗಂಡನ ಮೇಲೆ ನಂಬಿಕೆ ಇಟ್ಟುಕೊಂಡು ನೆಮ್ಮದಿಯಾಗಿರುತ್ತಿದ್ದಳು. ಆದರೆ ಅವನು ಬೆಳಿಗ್ಗೆಯೇ ಬೆಳ್ಳಿ ತಂತಿ ತರಲು ಕಾರ್ಕ್ ಬಸ್ಸು ಹತ್ತಿದ್ದ. ಬಾಗಿಲು ತೆಗೆದವಳು ಗೊಬ್ನೆಟ್.

ಮುದುಕಿ ಪೂಜೆಗೆ ಹಾಕಿಕೊಂಡು ಹೋಗುವ ಕಪ್ಪು ಕೋಟು ತೊಟ್ಟಿದ್ದಳು. ಕಂಕುಳಲ್ಲಿ ಬಿಸ್ಕತ್ತಿನ ಹಳೇ ಡಬ್ಬ.

"ಬೆಳ್ಳಿ ಓದೋ ಹೆಂಗಸು ನೀನೇನಾ?"

"ಓದ್ತೀನಿ ತಾಯಿ. ಒಂದೊಂದ್ಸಲ ಅದು ಸುಳ್ಳು ಹೇಳುತ್ತೆ, ಅಷ್ಟೇ."

"ಬೆಳ್ಳಿ ಯಾಕೆ ಸುಳ್ಳು ಹೇಳುತ್ತೆ? ಮಾರೋ ಮುಂಡೇಮಕ್ಕಳು ಹೇಳ್ತಾರೆ," ಎನ್ನುತ್ತಾ ಹ್ಯಾನಾ ಕರೆಯುವ ಮೊದಲೇ ಒಳಗೆ ಬಂದು, ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಅದು ಡೆಕ್ಲನ್‌ನ ಕುರ್ಚಿ.

ಅವಳದು ಕಿಲ್ಲಾ ಕಡೆಯ ಹೈನಿನ ಮನೆ. ಗಂಡ ಸತ್ತ ಮೇಲೂ ಹಸುಗಳನ್ನು ಬಿಟ್ಟಿರಲಿಲ್ಲ. ಡಬ್ಬದ ಮುಚ್ಚಳ ತೆಗೆದು, ಗಂಡನದೇ ಇರಬೇಕು, ದೊಡ್ಡದೊಂದು ಕರ್ಚೀಫನ್ನು ಬಿಚ್ಚಿ, ಅದರೊಳಗಿನ ಬೆಳ್ಳಿ ಚಮಚವನ್ನು ಮೇಜಿನ ಮೇಲಿಟ್ಟಳು. ಇಟ್ಟ ರೀತಿ ನೋಡಿದರೆ ನಿದ್ದೆ ಹೋದ ಕೂಸನ್ನು ಮಲಗಿಸಿದಂತಿತ್ತು.

"ಇದನ್ನ ಮಾಡ್ದೋಳು ನಮ್ಮಜ್ಜಿ. ಅಂದ್ರೆ ಅಜ್ಜಿಯ ಅಜ್ಜಿಯ ಅಜ್ಜಿ ಇರ್ಬೇಕು, ಲೆಕ್ಕ ಇಟ್ಟೋರ್ಯಾರು? ನಾನು ಹುಟ್ಟಿದ್ದು ಕಾಪಿಂಗರ್ ಮನೇಲಿ. ನೀನು ಬರೆದ ಪುಸ್ತಕ ಓದಿದ್ಮೇಲೆ ನನಗೆ ಒಂದೇ ಹುಚ್ಚು, ನಮ್ಮೋಳು ಮಾಡಿದ್ದು ಒಂದಾದ್ರೂ ನಮ್ಮನೇಲಿ ಇರ್ಬೇಕು ಅಂತ. ಕಾರ್ಕ್‌ನಲ್ಲಿ ಒಬ್ಬ ಹಳೇ ಸಾಮಾನಿನವನ ಹತ್ರ ಸಿಕ್ತು. ಎರಡು ಹಸು ಮಾರಿದೆ. ಮಗ ಬೈದ. ಬೈಲಿ ಬಿಡು, ಅವನಿಗೇನು ಗೊತ್ತು! ಶನಿವಾರ ಮೊಮ್ಮಗಳ ಮದುವೆ. ಅವಳ ಕೈಗೆ ಇದನ್ನ ಕೊಡೋದು. ಕೊಡೋಕ್ ಮುಂಚೆ ನಿನ್ನ ಬಾಯಿಂದ ಒಂದು ಮಾತು ಕೇಳ್ಬೇಕು ಅಂತ ಬಂದೆ. ಇದನ್ನ ಮಾಡ್ದೋರು ಯಾರು ಹೇಳು."

ಯಾಲ್ ಊರಿನಲ್ಲಿ ಈ ಪ್ರಶ್ನೆಯನ್ನು ಗೊಬ್ನೆಟ್‌ಳನ್ನೇ ಕೇಳಬೇಕಿತ್ತು. ಡಬ್ಲಿನ್ನಿನ ಬೆಳ್ಳಿಯಾದರೆ ಕಿರೀಟವಿಟ್ಟ ತಂತಿವಾದ್ಯ ಹಾರ್ಪ್‌ನ ಸರ್ಕಾರಿ ಮುದ್ರೆ ಇರುತ್ತದೆ, ಕಣ್ಣಿದ್ದವರೆಲ್ಲ ಓದಬಹುದು. ಆದರೆ ಇನ್ನೂರು ವರ್ಷದ ಹಿಂದೆ ಈ ದಕ್ಷಿಣದ ಅಕ್ಕಸಾಲಿಗರು ತಮ್ಮ ಸಾಮಾನನ್ನು ದಾರಿಗಳ್ಳರ ಬಾಯಿಗೆ ಹಾಕಿ ಡಬ್ಲಿನ್ನಿಗೆ ಕಳಿಸಲು ಒಪ್ಪಲಿಲ್ಲ. ಮನೆಯಲ್ಲೇ ತಮ್ಮ ಗುರುತಿನ ಅಚ್ಚನ್ನು ಒತ್ತಿ ಗಿರಾಕಿಗೆ ಕೊಟ್ಟುಬಿಟ್ಟರು. ಆ ಗುರುತು ಯಾರದೆಂದು ಹೇಳುವುದಕ್ಕೆ ಬಲ್ಲವರ ಕಣ್ಣೊಂದೇ ಸಾಕ್ಷಿ. ಕಣ್ಣು ಸರಿಯಿದ್ದು ನಾಲಿಗೆ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಗೊಬ್ನೆಟ್‌ಳ ನಾಲಿಗೆ ಕೆಟ್ಟಿರಲಿಲ್ಲ. ಅದು ಅವಳಿಗಿದ್ದ ಒಂದೇ ಆಸ್ತಿ, ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಹರಾಜಿನವರು, ಪಾದ್ರಿಗಳು, ಮ್ಯೂಸಿಯಮ್ಮಿನವರು ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು. ಆ ಹೆಸರು ಬಂದದ್ದು ವಿಧವೆ ಸಿಸಿಲಿ ಕಾಪಿಂಗರ್‌ಳಿಂದ.

ಹಳೆಯ ಚರ್ಚಿನ ಅಂಗಳದ ಮೂಲೆಯಲ್ಲಿ, ಪಾಚಿ ಕೆರೆದರೆ ಮಾತ್ರ ಕಾಣುವ ಒಂದು ಗೋರಿಕಲ್ಲಿದೆ. ಸಿಸಿಲಿ ಕಾಪಿಂಗರ್, ವಿಧವೆ, ಈ ಊರಿನ ಬೆಳ್ಳಿ ಕೆಲಸದವಳು ಎಂದು ಕೆತ್ತಿ ಕೆಳಗೊಂದು ಚಿಪ್ಪಿನ ಗುರುತು ಹಾಕಿದ್ದಾರೆ. ಗೊಬ್ನೆಟ್ ಅದನ್ನು ಕಂಡುಹಿಡಿದಾಗ ಅವಳಿಗೆ ಮೂವತ್ತು ದಾಟಿತ್ತಷ್ಟೆ. ಒಬ್ಬ ಹೆಂಗಸು, ಗಂಡ ಸತ್ತ ಮೇಲೆ ಸುತ್ತಿಗೆ ಹಿಡಿದು ಊರಿಗೆಲ್ಲ ಚಮಚ ಮಾಡಿಕೊಟ್ಟವಳು! ಗೊಬ್ನೆಟ್ ಕುಣಿದಾಡಿಬಿಟ್ಟಳು. ಡಬ್ಲಿನ್ನಿಗೆ ಹೋಗಿ ಪಂಡಿತರ ಸಭೆಯಲ್ಲಿ ಹೇಳಿದಳು. ಅಲ್ಲೊಬ್ಬ ಕನ್ನಡಕದವನು ಎದ್ದು, "ಕಲ್ಲು ತೋರಿಸಿದ್ರಿ, ಸಂತೋಷ. ಅದ್ರಲ್ಲಿ ಸೂಪು ಕುಡಿಯಕ್ಕಾಗುತ್ತೇನಮ್ಮಾ? ಚಮಚ ತೋರ್ಸಿ," ಎಂದ. ಸಭೆಯೆಲ್ಲ ನಕ್ಕಿತು. ಗೊಬ್ನೆಟ್ ಮನೆಗೆ ಬಂದು ಹಾಸಿಗೆ ಹಿಡಿದಳು.

ಮುಂದಿನ ವರ್ಷ ಡೆಕ್ಲನ್ ಚಮಚ ತಂದ. ಯಾವುದೋ ತೋಟದ ಮನೆ ಹರಾಜಿನಲ್ಲಿ ತುಕ್ಕು ಹಿಡಿದ ಸೌಟುಗಳ ರಾಶಿಯಲ್ಲಿ ಸಿಕ್ಕಿತಂತೆ. "ಇದನ್ನೊಂಚೂರು ನೋಡೇ," ಎಂದು ಮೇಜಿನ ಮೇಲೆ ಹಾಕಿ, ಬೆನ್ನು ತಿರುಗಿಸಿ ಕೈ ತೊಳೆಯಲು ನಿಂತ. ಅವನದು ಹಿತ್ತಲಲ್ಲಿ ಬೆಳ್ಳಿ ರಿಪೇರಿಯ ಕಾರ್ಖಾನೆ. ಚರ್ಚಿನ ಬಟ್ಟಲುಗಳಿಗೆ ಹಿಡಿ ಕೂರಿಸುವುದು, ದೀಪ ನೆಟ್ಟಗೆ ಮಾಡುವುದು ಕೆಲಸ. ಗೊಬ್ನೆಟ್ ಭೂತಗನ್ನಡಿ ಹಿಡಿದು ನೋಡಿದಳು. ಹಿಡಿಯ ಹಿಂದೆ ಚಿಪ್ಪಿನ ಗುರುತು. ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಇಣುಕಿ ನೋಡಿದರು. ಗಂಡನನ್ನು ತಬ್ಬಿಕೊಂಡು ಅತ್ತಳು. ಆ ಚಮಚದ ಬಾಯಿ ಬಲಗಡೆಗೆ ಸವೆದಿತ್ತು. ಬಲಗೈಯವರು ಪಾತ್ರೆಯ ತಳ ಕೆರೆದರೆ ಚಮಚದ ಮೂತಿ ಎಡಕ್ಕೆ ಸವೆಯುತ್ತದೆ. ಬಲಕ್ಕೆ ಸವೆದಿದೆಯೆಂದರೆ ಹಿಡಿದವರು ಎಡಚರು. ಗೊಬ್ನೆಟ್‌ಗೆ ಅದೂ ಖುಷಿಯೇ. ಎಷ್ಟು ಏಟು ಬಿದ್ದರೂ ಎಡಗೈ ಬಿಡದ ಹಟಮಾರಿ ಒಬ್ಬಳು ಆ ಮನೆಯಲ್ಲಿದ್ದಿರಬೇಕು ಎಂದು ಪುಸ್ತಕದಲ್ಲಿ ಒಂದು ಪುಟವನ್ನೇ ಬರೆದಳು. ಜನ ಆ ಪುಟವನ್ನೇ ಹೆಚ್ಚು ಮೆಚ್ಚಿದರು.

ಕೆಲವು ವರ್ಷಗಳ ನಂತರ ಡೆಕ್ಲನ್ ಎರಡನೆಯದನ್ನು ತಂದ. ಅದೂ ಬಲಕ್ಕೇ ಸವೆದಿತ್ತು. ಅದೇ ಮನೆಯ ಜೋಡಿ ಇರಬೇಕು, ಪಾಲಾಗುವಾಗ ಬೇರೆಯಾಗಿದೆ ಎಂದುಕೊಂಡಳು. ಒಂದೇ ಒಂದು ಅನುಮಾನ ಬಂದಿತ್ತು. "ಚಿಪ್ಪಿನ ಅಂಚು ಇಷ್ಟೊಂದು ಚೂಪಾಗಿದೆಯಲ್ಲೋ? ಉಜ್ಜಿ ಉಜ್ಜಿ ಮೆತ್ತಗಾಗಬೇಕಿತ್ತು," ಎಂದಿದ್ದಳು. "ಹಿಂದುಗಡೆ ಯಾರು ಉಜ್ಜುತಾರೆ ಬಿಡು," ಎಂದಿದ್ದ ಅವನು. ಅವಳು ಬಿಟ್ಟಿದ್ದಳು.

ಈಗ ಮೂರನೆಯದು ಎದುರಿಗಿತ್ತು. ಗೊಬ್ನೆಟ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಿಪ್ಪಿದೆ. ಅಂಚು ಬೆಣ್ಣೆಯಂತೆ ಮೆತ್ತಗಾಗಿದೆ. ಹೀಗಿರಬೇಕು ನೋಡು ಎಂದು ಮನಸ್ಸು ಹಿಗ್ಗಿತು. ಅಭ್ಯಾಸಬಲದಿಂದ ಹೆಬ್ಬೆರಳು ಚಮಚದ ಬಾಯಿಗೆ ಹೋಯಿತು. ಅಲ್ಲೇ ನಿಂತಿತು. ಇದೂ ಬಲಕ್ಕೇ ಸವೆದಿತ್ತು.

"ಇದು ಯಾವ ಮನೆಯಿಂದ ಬಂತು ಅಂತ ಆ ಹಳೇ ಸಾಮಾನಿನವನು ಹೇಳಿದ್ನಾ?"

"ಕೆರ್ರಿ ಕಡೆಯಿಂದಂತೆ. ಬೆಟ್ಟದಾಚೆ ಯಾವುದೋ ದೊಡ್ಡ ಮನೆ. ಯಾಕೆ?"

"ಏನಿಲ್ಲ. ನಿಮ್ಮ ಕಡೆ ಹಳಬರಲ್ಲಿ ಎಡಚರು ಇದ್ರಾ?"

"ಇದ್ರು, ಇದ್ರು. ಆದ್ರೆ ಊಟದ ಮೇಜಿನ ಮೇಲೆ ಎಡಗೈ ಬಂದ್ರೆ ನಮ್ಮಮ್ಮ ಸೌಟಲ್ಲೇ ಗೆಣ್ಣಿಗೆ ಬಿಡೋಳು. ನನ್ನ ತಮ್ಮ ಒಬ್ಬ ಹಾಗೇ ನೆಟ್ಟಗಾದ. ಎಡಗೈ ಅಂದ್ರೆ ಸೈತಾನನ ಕೈ ಅನ್ನೋರಲ್ಲ ಆಗ. ಎಡಗೈ ಚಮಚ ಯಾವ ಮನೇಲಿರುತ್ತೆ ಹೇಳು!"

ಹೌದು, ಯಾವ ಮನೆಯಲ್ಲಿರುತ್ತದೆ? ಒಂದು ಮನೆಯಲ್ಲಿದ್ದರೆ ಹಟಮಾರಿ ಹೆಂಗಸು. ಎರಡಿದ್ದರೆ ಜೋಡಿ. ಬೆಟ್ಟದಾಚೆಯೂ ಇದ್ದರೆ? ಇಡೀ ದೇಶದಲ್ಲಿ ಎಡಗೈಗೆ ಏಟು ಬೀಳುತ್ತಿದ್ದ ಕಾಲದಲ್ಲಿ ವಿಧವೆ ಕಾಪಿಂಗರ್ ಮಾಡಿದ ಚಮಚಗಳೆಲ್ಲ ಹುಡುಕಿಕೊಂಡು ಹೋಗಿ ಎಡಚರ ಮನೆಯನ್ನೇ ಸೇರಿದವೇ?

"ಟೀ ಇಡ್ತೀನಿ," ಎಂದು ಗೊಬ್ನೆಟ್ ಚಮಚವನ್ನು ಹಿಡಿದುಕೊಂಡೇ ಅಡುಗೆಮನೆಗೆ ಹೋದಳು.

ಒಲೆಯ ಪಕ್ಕದ ಜಾಡಿಯಲ್ಲಿ ಗಂಜಿ ತಿರುವುವ ಮರದ ಚಮಚವಿತ್ತು. ಮದುವೆಯಾದಾಗಿನಿಂದ ಬೆಳಗಿನ ಓಟ್ಸ್ ಗಂಜಿ ಕಾಯಿಸುವುದು ಡೆಕ್ಲನ್‌ನದೇ ಪಾಲು. ಅವನು ಎಡಚ. ಶಾಲೆಯಲ್ಲಿ ಪಾಠ ಹೇಳುವ ಸನ್ಯಾಸಿ ಬ್ರದರ್‌ಗಳು ಅವನ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕಿ ಬಲಗೈಯಲ್ಲಿ ಬರೆಸಿದ್ದರು. ಮದುವೆಯಾದ ಹೊಸದರಲ್ಲಿ ಅದನ್ನು ಕೇಳಿ ಅವಳು ಆ ಕೈಗೆ ಮುತ್ತಿಟ್ಟಿದ್ದಳು. ಬರೆಯುವುದೊಂದು ಬಿಟ್ಟು ಉಳಿದದ್ದೆಲ್ಲ ಅವನು ಎಡಗೈಯಲ್ಲೇ ಮಾಡುತ್ತಿದ್ದ: ಸುತ್ತಿಗೆ, ಅರ, ಗಂಜಿ. ಅವಳು ಮರದ ಚಮಚವನ್ನು ತೆಗೆದು ಬೆಳ್ಳಿಯದರ ಪಕ್ಕ ಇಟ್ಟಳು. ಸವೆತ ಎರಡಕ್ಕೂ ಒಂದೇ ಕಡೆ, ಒಂದೇ ಓರೆ. ಹೊಸ ಚಮಚವನ್ನು ಹಳೆಯದು ಮಾಡಲು ಅವನು ಮರಳುಕಲ್ಲಿನ ಮೇಲೆ ಉಜ್ಜಿದ್ದ. ಗಂಜಿಯ ತಳ ಕೆರೆದಂತೆಯೇ ಉಜ್ಜಿದ್ದ. ಚಮಚವೆಂದರೆ ಸವೆಯುವುದೇ ಹೀಗೆ ಎಂದು ಅವನ ಕೈ ತಿಳಿದುಕೊಂಡಿತ್ತು. ಆ ಗಂಜಿ ಉಂಡುಂಡು ಅವಳೂ ಹಾಗೆಯೇ ತಿಳಿದುಕೊಂಡಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಇವಳ ವಿಷಯದಲ್ಲಿ ದೀಪ ಹಚ್ಚಿದ್ದೂ ಅವಳೇ.

ಅಳು ಬರಲಿಲ್ಲ. ಟೀ ಮಾಡುವುದು ಮರೆತು ಹೊರಗೆ ಬಂದು, "ಇದು ನನ್ನ ಹತ್ರ ಇರ್ಲಿ. ಸಂಜೆ ನಾಲ್ಕಕ್ಕೆ ಬನ್ನಿ, ಮಾಡಿದೋರು ಯಾರು ಅಂತ ಹೇಳ್ತೀನಿ," ಎಂದಳು.

"ಮಾಡಿದೋಳು ಅನ್ನೇ," ಎಂದು ಮುದುಕಿ ನಕ್ಕು, ಮೊಮ್ಮಗಳಿಗೆ ಕಾಲುಚೀಲ ಕೊಳ್ಳಲು ಪೇಟೆಯ ಕಡೆ ಹೋದಳು.

ಡೆಕ್ಲನ್ ಮಧ್ಯಾಹ್ನದ ಊಟದ ಹೊತ್ತಿಗೆ ಬಂದ. ಸಂತೋಷವಾಗಿದ್ದ. ಕಾರ್ಕ್ ಮಾರ್ಕೆಟ್ಟಿನಿಂದ ಅವಳಿಗಿಷ್ಟವಾದ ರಕ್ತದ ಸಾಸೇಜು ತಂದಿದ್ದ. ಗೊಬ್ನೆಟ್ ಅವನ ತಟ್ಟೆಯ ಪಕ್ಕ ಬೆಳ್ಳಿಯದು, ಮರದ್ದು ಎರಡೂ ಚಮಚಗಳನ್ನು ಇಟ್ಟು ಎದುರಿಗೆ ಕೂತಳು. ಏನನ್ನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನೇ ಬಾಯಿಬಿಟ್ಟ.

"ಅದೆಲ್ಲಿಂದ ಇಲ್ಲಿಗೆ ಬಂತು? ಅದನ್ನ ಅಮೇರಿಕಕ್ಕೆ ಕಳಿಸ್ತೀನಿ ಅಂದಿದ್ದ ಆ ನನ್ಮಗ—"

ಅಷ್ಟಕ್ಕೇ ನಿಲ್ಲಿಸಿದ. ಹಂದಿಮಾಂಸದ ತುಂಡು ಫೋರ್ಕಿನಲ್ಲೇ ಉಳಿಯಿತು.

"ಕಿಲ್ಲಾದ ಮುದುಕಿಯೊಬ್ಬಳು ತಂದ್ಲು, ಶನಿವಾರ ಮೊಮ್ಮಗಳ ಮದುವೆಗೆ ಕೊಡೋಕೆ. ಎಷ್ಟು ಮಾಡಿದೀಯ?"

"ಗೊಬ್ನೆಟ್..."

"ಎಷ್ಟು ಅಂತ ಕೇಳ್ದೆ."

"ಲೆಕ್ಕ ಇಟ್ಟಿಲ್ಲ."

"ಮೊದಲನೇದೂ ನಿಂದೇನಾ?"

ಅವನು ತಲೆಯೆತ್ತಲಿಲ್ಲ. "ಮೊದಲನೇದು ನಿನಗೋಸ್ಕರ ಕಣೇ, ದೇವರಾಣೆ. ಡಬ್ಲಿನ್ನಿಂದ ಬಂದು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದೆ. ಒಂದು ತುತ್ತು ಬಾಯಿಗೆ ಹಾಕ್ತಿರ್ಲಿಲ್ಲ. ನನ್ನ ಕೈಲಿ ಇನ್ನೇನು ಬರುತ್ತೆ? ಬೆಳ್ಳಿ ಕೆಲಸ ಬರುತ್ತೆ. ಮಾಡಿದೆ. ನೀನು ಹೇಗೆ ನಕ್ಕೆ ಗೊತ್ತಾ ಅವತ್ತು? ಆಮೇಲೆ ನಿಜ ಹೇಳೋಕೆ ಬಾಯೇ ಬರ್ಲಿಲ್ಲ."

ಇಷ್ಟಕ್ಕೆ ನಿಂತಿದ್ದರೆ ಗೊಬ್ನೆಟ್ ಬಹುಶಃ ಕ್ಷಮಿಸಿಬಿಡುತ್ತಿದ್ದಳು. ಹೆಣ್ಣಿನ ಮನಸ್ಸೆಂದಲ್ಲ, ಅಷ್ಟು ಪ್ರೀತಿಯಿಂದ ಹೇಳಿದ ಸುಳ್ಳನ್ನು ಯಾರು ತಾನೇ ಕ್ಷಮಿಸುವುದಿಲ್ಲ?

"ಎರಡನೇದು? ಅದೂ ನಾನು ಊಟ ಬಿಟ್ಟಿದ್ದಕ್ಕೇನಾ?"

ಅವನು ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟ.

"ಅದನ್ನ ಮಾರೋದೇ ಇದ್ರೆ ನನಗೆ ಯಾಕೆ ತೋರ್ಸ್ದೆ? ನೇರವಾಗಿ ಮಾರಬಹುದಿತ್ತಲ್ಲ."

"ಒಂದು... ಒಂದು ಧೈರ್ಯಕ್ಕೆ."

"ಏನು ಧೈರ್ಯ?"

"ನಿನ್ನ ಕಣ್ಣಿಗೆ ಸಿಗ್ದೇ ಇದ್ರೆ ಇನ್ಯಾರ ಕಣ್ಣಿಗೂ ಸಿಗಲ್ಲ ಅಂತ."

ಗೊಬ್ನೆಟ್‌ಗೆ ಆ ಚೂಪಾದ ಅಂಚಿನ ಮಾತು ನೆನಪಾಯಿತು. ಅವಳು ತಪ್ಪು ತೋರಿಸಿದ್ದಳು, ಅವನು ಬೆನ್ನು ತಿರುಗಿಸಿಕೊಂಡು ಕೇಳಿಸಿಕೊಂಡಿದ್ದ, ಮುಂದಿನ ಚಮಚದಲ್ಲಿ ತಿದ್ದಿದ್ದ. ತಾನು ಗಂಡನ ಜೊತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ ಹೊತ್ತಿನಲ್ಲೆಲ್ಲ ಅವನಿಗೆ ಪಾಠ ಹೇಳಿಕೊಡುತ್ತಿದ್ದಳು. ಚಿನ್ನವನ್ನು ಒರೆಗಲ್ಲಿಗೆ ಉಜ್ಜುವಂತೆ ಅವಳನ್ನು ಉಪಯೋಗಿಸಿದ್ದ. ಒರೆಗಲ್ಲಿಗೇನು, ಉಜ್ಜಿದ್ದು ಗೊತ್ತಾಗುತ್ತದೆಯೇ?

"ಉಂಡ ಮನೆಗೇ ಎರಡು ಬಗೆದ್ಯಲ್ಲೋ," ಎಂದಳು. ಸ್ವರ ಏರಲಿಲ್ಲ. "ಬೇರೆ ಹೆಂಗಸಿನ ಸಹವಾಸ ಮಾಡಿದ್ರೂ ಇಷ್ಟು ಉರೀತಿರ್ಲಿಲ್ಲ."

"ಯಾರಿಗೆ ಏನು ನಷ್ಟ ಆಗಿದೆ ಹೇಳು? ನಿನ್ನ ವಿಧವೆಗೆ ಹೆಸರು ಬಂತು. ಬೀದೀಲಿ ಅವಳ ಹೆಸರಿನ ಕಲ್ಲು ನೆಟ್ಟಿದಾರೆ. ಶಾಲೆ ಮಕ್ಕಳು ಅವಳ ಚಿತ್ರ ಬರೀತಾರೆ."

"ಅವಳು ಮಾಡಿದ ಚಮಚ ಎಲ್ಲೋ ಒಂದು ನಿಜವಾಗ್ಲೂ ಇದ್ದಿರಬಹುದು ಡೆಕ್ಲನ್. ನಾಳೆ ಅದು ಸಿಕ್ಕಿದ್ರೆ, ನಿನ್ನದರ ಹಾಗಿಲ್ಲ ಅಂತ ನಾನೇ ಎತ್ತಿ ಬಿಸಾಕ್ತೀನಿ. ಗೊತ್ತಾಗ್ತಾ ಇದೆಯಾ ನೀನು ಏನು ಮಾಡಿದೀಯ ಅಂತ?"

ಅದು ಅವನಿಗೆ ಹೊಳೆದೇ ಇರಲಿಲ್ಲ. ಮುಖ ಪೆಚ್ಚಾಯಿತು. ಆದರೂ ಕೊನೆಯ ಸಲ ಬೇಡಿದ, "ಮುದುಕಿಗೆ ಹ್ಞೂಂ ಅಂದ್ಬಿಡೇ. ಒಂದೇ ಮಾತು. ಖುಷಿಯಾಗಿ ಹೋಗ್ತಾಳೆ, ಹುಡುಗಿ ಮದುವೆ ಆಗುತ್ತೆ. ಇನ್ಮೇಲೆ ಒಂದೂ ಮಾಡಲ್ಲ. ಅಚ್ಚನ್ನ ಸಮುದ್ರಕ್ಕೆ ಎಸೀತೀನಿ."

"ಎರಡು ಹಸು ಮಾರಿದಾಳೆ ಅವಳು. ಕೇಳು. ನಾಲ್ಕಕ್ಕೆ ಬರ್ತಾಳೆ. ಯಾರು ಮಾಡಿದ್ದು ಅಂತ ನಾನು ಹೇಳ್ತೀನಿ. ನೀನು ಹೇಳಬೇಕಾದ್ದು ಒಂದೇ. ನನ್ನ ಹೆಂಡತಿಗೆ ಇದು ಗೊತ್ತಿರ್ಲಿಲ್ಲ ಅಂತ. ಅಷ್ಟು ಹೇಳು ಸಾಕು. ದುಡ್ಡು, ಪೊಲೀಸು, ಊರಿನ ಬಾಯಿ, ಎಲ್ಲಾನೂ ನಾನು ನಿನ್ನ ಪಕ್ಕ ನಿಂತು ಎದುರಿಸ್ತೀನಿ. ಆದ್ರೆ ನನ್ನ ಮಾತು ಹೋದ್ರೆ ನನಗೆ ಇನ್ನೇನೂ ಇಲ್ಲ."

"ಹೇಳ್ತೀನಿ," ಎಂದ ಡೆಕ್ಲನ್.

"ಆಣೆ ಮಾಡು."

"ಅಮ್ಮನಾಣೆ. ಹೇಳ್ತೀನಿ."

ಹ್ಯಾನಾ ಬೀಚಿನರ್ ನಾಲ್ಕಕ್ಕೆ ಮೊದಲೇ ಬಂದಳು. ಕಾಲುಚೀಲದ ಪೊಟ್ಟಣದ ಜೊತೆ ಗೊಬ್ನೆಟ್‌ಗೆಂದು ಒಂದು ಹಣ್ಣಿನ ಬ್ರೆಡ್ಡನ್ನೂ ತಂದಿದ್ದಳು. ಗೊಬ್ನೆಟ್ ಅದನ್ನು ಇಸಿದುಕೊಂಡು ಮೇಜಿನ ಮೇಲೆ ಚಮಚದ ಪಕ್ಕ ಇಟ್ಟಳು.

"ಕೂತ್ಕೊಳ್ಳಿ ತಾಯಿ. ಇದು ವಿಧವೆ ಕಾಪಿಂಗರ್ ಮಾಡಿದ್ದಲ್ಲ. ಮಾಡಿದೋರು ಯಾರು ಅಂತ ಕೇಳಿದ್ರಲ್ಲ, ಇಲ್ಲೇ ಇದಾನೆ. ಇವನು ನನ್ನ ಗಂಡ ಡೆಕ್ಲನ್. ಹಿಂದುಗಡೆ ಕಾರ್ಖಾನೇಲಿ ಮಾಡ್ದ."

ಮುದುಕಿ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಡೆಕ್ಲನ್‌ನ ಮುಖ ನೋಡಿದಳು. ನಗು ಹೋಯಿತು.

"ನೀನು ಬರೆದ ಪುಸ್ತಕದಲ್ಲಿರೋ ಚಮಚಗಳು?" ಎಂದು ಹ್ಯಾನಾ ಗೊಬ್ನೆಟ್‌ಳನ್ನು ಕೇಳಿದಳು.

"ಅವೂ ಇವನವೇ."

"ಗಂಡ ಮಾಡೋದು, ಹೆಂಡತಿ ಹೌದು ಅನ್ನೋದು. ಭಾರಿ ಅಚ್ಚುಕಟ್ಟು ಸಂಸಾರ."

ಗೊಬ್ನೆಟ್ ಗಂಡನ ಕಡೆ ತಿರುಗಿದಳು. ಈಗ ಹೇಳುತ್ತಾನೆ. ಅವನು ಗಂಟಲು ಸರಿಮಾಡಿಕೊಂಡ. ಒಂದು ಹೆಜ್ಜೆ ಮುಂದೆಯೂ ಬಂದ. ಅವನ ಕಣ್ಣು ಮುದುಕಿಯ ಮೇಲೆ ಹೋಯಿತು, ಬೀದಿಯ ಕಿಟಕಿಯ ಮೇಲೆ ಹೋಯಿತು, ಅಲ್ಲಿ ಕಾಣದ ಪೊಲೀಸನನ್ನು ಕಂಡಂತೆ ಬೆದರಿತು.

"ತಪ್ಪಾಯ್ತಮ್ಮ," ಎಂದ. "ನಾವು... ನಾವಿಬ್ರೂ ಸೇರಿ ಹೇಗಾದ್ರೂ ನಿಮ್ಮ ದುಡ್ಡು ವಾಪಸ್ ಕೊಡ್ತೀವಿ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಗೊಬ್ನೆಟ್ ಕಾದಳು. ಇನ್ನೊಂದು ಮಾತು ಬರಬೇಕಿತ್ತು. ಅವನು ತನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತಾ ನಿಂತ. ಬರಲಿಲ್ಲ.

"ನನಗೆ ಗೊತ್ತಿರ್ಲಿಲ್ಲ ತಾಯಿ," ಎಂದು ಕೊನೆಗೆ ಅವಳೇ ಹೇಳಿದಳು. ತನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಹ್ಯಾನಾ ಕೋಟಿನ ಗುಂಡಿ ಹಾಕಿಕೊಂಡಳು. "ಕಿಲ್ಲಾದಲ್ಲಿ ನನ್ನ ಹಸು ಕೆಮ್ಮಿದ್ರೆ ಮಲಗಿದ ಕಡೆಯಿಂದ್ಲೇ ಯಾವ್ದು ಅಂತ ಹೇಳ್ತೀನಿ. ನೀನು ಒಂದೇ ಸೂರಿನ ಕೆಳಗೆ ಇದ್ದು ಗಂಡನ ಕೈ ಗುರುತು ಹಿಡೀಲಿಲ್ವಾ? ಅವನು ಬಿಡು, ಹೊಟ್ಟೆಪಾಡಿನ ಕಳ್ಳ. ನಾನು ಬಸ್ಸು ಹತ್ತಿ ಬಂದಿದ್ದು ಅವನನ್ನ ನಂಬಿ ಅಲ್ಲ." ಚಮಚವನ್ನು ಮೇಜಿನ ಮೇಲೆಯೇ ಬಿಟ್ಟು, ಖಾಲಿ ಡಬ್ಬವನ್ನು ಮಾತ್ರ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಬಾಗಿಲು ಮುಚ್ಚಿದ ಮೇಲೆ ಡೆಕ್ಲನ್ ಮೆಲ್ಲಗೆ, "ಹೆದರಿಕೆ ಆಗ್ಬಿಡ್ತು ಕಣೇ. ಒಬ್ಬನೇ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ನಾಳೆ ಹೋಗಿ ಹೇಳ್ತೀನಿ," ಎಂದ. ಎಂದವನೇ ಅಭ್ಯಾಸದಂತೆ ಒಲೆಯ ಮೇಲೆ ನೀರಿಟ್ಟ.

ಗೊಬ್ನೆಟ್ ಕೋಟೂ ಹಾಕಿಕೊಳ್ಳದೆ ಬೀದಿಗೆ ಓಡಿದಳು. ಗಡಿಯಾರದ ಕಮಾನಿನ ಆಚೆ ಬಸ್ ನಿಲ್ದಾಣದಲ್ಲಿ ಮುದುಕಿ ಬೆನ್ನು ತಿರುಗಿಸಿ ನಿಂತಿದ್ದಳು. ಬಸ್ಸು ಇನ್ನೂ ಬಂದಿರಲಿಲ್ಲ. ಹೋಗಿ ಕೈ ಹಿಡಿದುಕೊಂಡು ಹೇಳಬಹುದಿತ್ತು. ಏನೆಂದು ಹೇಳುವುದು? ತನಗೆ ಗೊತ್ತಿರಲಿಲ್ಲ ಎಂದು ಕಳ್ಳರೆಲ್ಲರೂ ಹೇಳುತ್ತಾರೆ. ಅದಕ್ಕೆ ಯಾರಾದರೂ ಸಾಕ್ಷಿ ಬೇಕು. ಇಡೀ ಭೂಮಿಯ ಮೇಲೆ ಅದಕ್ಕಿದ್ದದ್ದು ಒಬ್ಬನೇ ಸಾಕ್ಷಿ. ಅವನು ಮನೆಯಲ್ಲಿ ಇಬ್ಬರಿಗೂ ಟೀ ಮಾಡುತ್ತಿದ್ದ.